ಜಿಂಕೆಗಳ ಬಾಳೆಹಣ್ಣು

ಆ ಮನೆಗೆ ಎರಡನೆಯ ಹೆಂಡತಿಯಾಗಿ ಕಾಲಿಟ್ಟ ದಿನದಿಂದ ಅವಳಿಗೆ ಚಿಕ್ಕಮ್ಮ ಎಂಬ ಹೆಸರೇ ಖಾಯಂ ಆಯಿತು. ಗಂಡನ ಮಗಳು ಹಾಗೆ ಕರೆಯಲಿ ಎಂದು ಹಿರಿಯರು ಹೇಳಿಕೊಟ್ಟಿದ್ದರು. ಮೊದಲು ಮಗು ಕರೆಯಿತು, ಆಮೇಲೆ ಹಾಲಿನವನು, ಪಕ್ಕದ ಮನೆಯವರು, ಕೊನೆಗೆ ಅತ್ತೆಯೂ ಹಾಗೇ ಕರೆಯತೊಡಗಿದರು. ಅವಳು ಬೇಡ ಅನ್ನಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಬೇರೆಯವರ ಮೂಗಿಗೆ ಚೌಕಟ್ಟು ಹೊಂದಿಸುತ್ತಲೇ ಅವಳ ಅರ್ಧ ಆಯಸ್ಸು ಕಳೆದಿತ್ತು. ಇಷ್ಟು ತಡವಾಗಿಯಾದರೂ ಒಂದು ಮನೆ, ಒಬ್ಬ ಗಂಡ, ಸಂಜೆ ಬಾಗಿಲು ತೆಗೆಯುವ ಒಂದು ಮಗು ಸಿಕ್ಕಿತಲ್ಲ, ಹೆಸರಿಗೇನು ಎಂದುಕೊಂಡಿದ್ದಳು.

ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದ. ಊರೆಲ್ಲ ಅವನನ್ನು ಮೇಷ್ಟ್ರು ಎನ್ನುತ್ತಿತ್ತು. ಕಲಿಯುವವರು ಗೋಡೆಗೆ ಗುದ್ದಿದರೂ ಬೈದವನಲ್ಲ. ಯಾರ ಮನಸ್ಸನ್ನೂ ನೋಯಿಸಲಾರದ ಮನುಷ್ಯ ಎಂದೇ ಹೆಣ್ಣು ನೋಡುವ ಶಾಸ್ತ್ರದ ದಿನ ನೆಂಟರು ಅವನನ್ನು ಹೊಗಳಿದ್ದರು. ಆ ಮಾತನ್ನು ಕೇಳಿಯೇ ಅವಳು ಒಪ್ಪಿದ್ದಳು.

ಮಗಳ ಅಡ್ಡ ಹೆಸರು ಗುಬ್ಬಿ. ಒಂಬತ್ತು ತುಂಬಿದ್ದರೂ ಆರರ ಹುಡುಗಿಯಂತೆ ಕಾಣುತ್ತಿದ್ದಳು. ಅವಳಿಗೆ ಗೋಧಿ ಆಗುತ್ತಿರಲಿಲ್ಲ. ಗೋಧಿ, ಮೈದಾ, ರವೆ, ಬಾರ್ಲಿಗಳಲ್ಲಿರುವ ಗ್ಲೂಟನ್ ಎಂಬ ಅಂಟು ಹೊಟ್ಟೆಗೆ ಹೋದರೆ ಅವಳ ಕರುಳು ಒಳಗಿಂದ ಹುಣ್ಣಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೆತ್ತ ತಾಯಿ ಬದುಕಿದ್ದಾಗ ಇದು ಯಾರಿಗೂ ಗೊತ್ತಿರಲಿಲ್ಲ. ಮಗುವಿಗೆ ತಿಂದದ್ದು ಮೈಗೆ ಹತ್ತುತ್ತಿಲ್ಲ ಎಂದು ಆಕೆ ಹಾಲಿನಲ್ಲಿ ಬ್ರೆಡ್ಡು ನೆನೆಸಿ ನೆನೆಸಿ ತುರುಕುತ್ತಿದ್ದಳಂತೆ. ಮಗು ಒದ್ದಾಡಿದರೆ ಅಜ್ಜಿ, ಮೇಷ್ಟ್ರ ತಾಯಿ, ಅದರ ಕಾಲು ಒತ್ತಿ ಹಿಡಿಯುತ್ತಿದ್ದರಂತೆ. ಆ ತಾಯಿ ಜ್ವರದಲ್ಲಿ ತೀರಿಕೊಂಡ ಮೇಲೆ ಮಗುವನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಎತ್ತಿಕೊಂಡು ಹೋಗಿ ರೋಗ ಕಂಡುಹಿಡಿಸಿದ್ದು ಅಜ್ಜಿಯೇ. ಅಂದಿನಿಂದ ಆ ಅಡುಗೆಮನೆ ಅಜ್ಜಿಯ ಕೋಟೆ. ಗುಬ್ಬಿಯ ಬಾಣಲೆ ಬೇರೆ, ಸೌಟು ಬೇರೆ, ತಟ್ಟೆ ಒರೆಸುವ ಬಟ್ಟೆಯೂ ಬೇರೆ. ಹೊಸ ಸೊಸೆ ಒಲೆ ಮುಟ್ಟುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಆ ತಿಂಗಳುಗಳಲ್ಲಿ ಅವಳು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಳು. ಅತ್ತೆಯ ಪರೀಕ್ಷೆ ಎಂದು ಹಾಗೆ ಮಾಡಲಿಲ್ಲ. ಒಂದು ಸಲ ಆ ಮಗು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಮುದುಡಿದ್ದನ್ನು ನೋಡಿದ್ದಳು.

ಥೀಮ್ ಪಾರ್ಕಿಗೆ ಹೋಗುವ ಮಾತು ತೆಗೆದವನು ಮೇಷ್ಟ್ರು. ಶಾಲೆಗೆ ರಜೆ ಬಂದಿತ್ತು. ಗುಬ್ಬಿಯ ತರಗತಿಯ ಮಕ್ಕಳೆಲ್ಲ ಹೋಗಿ ಬಂದಿದ್ದರು. ಮಂಡಿ ನೋವಿನ ಅಜ್ಜಿ ಬರುವಂತಿರಲಿಲ್ಲ. ಆ ಮಗು ಅಜ್ಜಿಯಿಲ್ಲದೆ ಊರು ದಾಟುತ್ತಿದ್ದುದು ಅದೇ ಮೊದಲು. ಹೊರಡುವಾಗ ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ನಿಂತು, ಮಗನಿಗೆ ಏನೂ ಹೇಳದೆ, ಸೊಸೆಯ ಕಡೆ ತಿರುಗಿ, "ನಿನ್ನನ್ನ ನಂಬಿ ಕಳಿಸ್ತಿದ್ದೀನಿ" ಎಂದರು. ಅಷ್ಟೇ. ಅವಳಿಗೆ ಅದು ದೊಡ್ಡ ಮಾತಾಗಿ ಕಂಡಿತು. ದಾರಿಯುದ್ದಕ್ಕೂ ತಿಂಡಿಯ ಡಬ್ಬ ತೊಡೆಯ ಮೇಲಿಟ್ಟುಕೊಂಡೇ ಕೂತಳು. ಅಕ್ಕಿ ಹಿಟ್ಟಿನ ಬಿಸ್ಕತ್ತು, ಬೇಯಿಸಿದ ಆಲೂಗಡ್ಡೆ, ಹುರಿದ ಕಡಲೆಕಾಯಿ, ಬೆಲ್ಲದ ತುಂಡು. ಎಲ್ಲವೂ ಹಿಂದಿನ ದಿನ ಅವಳ ಕೈಯಿಂದಲೇ ಆದವು.

ಡಬ್ಬ ಗೇಟಿನಲ್ಲೇ ಉಳಿಯಿತು. ಹೊರಗಿನ ತಿಂಡಿ ಒಳಗೆ ಬಿಡುವಂತಿಲ್ಲ ಎಂದು ಬ್ಯಾಗು ತಪಾಸಣೆಯ ಹುಡುಗಿ ಡಬ್ಬವನ್ನು ಎತ್ತಿ ಪಕ್ಕಕ್ಕಿಟ್ಟಳು. ಚಿಕ್ಕಮ್ಮ ರೋಗದ ವಿಷಯ ಬಿಡಿಸಿ ಹೇಳಿದಳು. ಹುಡುಗಿ ಮೇಲಿನವನನ್ನು ಕರೆದಳು. ಆತ ಕೇಳಿಸಿಕೊಂಡು, ತಲೆಯಾಡಿಸಿ, ಒಳಗೆ ಇಂಥ ಮಕ್ಕಳಿಗೆಂದೇ ಒಂದು ಕೌಂಟರ್ ಇದೆ, ಕಾರಂಜಿಯ ಹಿಂದೆ, ಏನೂ ತೊಂದರೆಯಾಗುವುದಿಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿದ. ಅವಳು ಜಗ್ಗಲಿಲ್ಲ. ಹಿಂದೆ ಸಾಲು ಬೆಳೆಯಿತು. ಯಾರೋ ಉಸ್ಸಪ್ಪಾ ಎಂದರು. ಗುಬ್ಬಿ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದಳು. ತನ್ನ ಹೊಟ್ಟೆಯ ವಿಷಯ ಪರ ಊರಿನವರೆದುರು ಇಷ್ಟು ಜೋರಾಗಿ ಚರ್ಚೆಯಾಗುವುದು ಆ ಮಗುವಿಗೆ ಹೊಸದೇನಲ್ಲ, ಆದರೂ ಕಿವಿ ಕೆಂಪಾಗಿತ್ತು.

"ಬಿಡು, ಒಳಗೆ ಏನಾದ್ರೂ ಸಿಗುತ್ತೆ" ಎಂದ ಮೇಷ್ಟ್ರು. "ಬಂದ ತಕ್ಷಣ ಜಗಳ ಬೇಡ."

ಅವಳು ಡಬ್ಬ ಬಿಟ್ಟಳು.

ಕಾರಂಜಿಯ ಹಿಂದೆ ಕೌಂಟರ್ ಇದ್ದದ್ದು ನಿಜ. ಅದರ ತಗಡಿನ ಬಾಗಿಲು ಎಳೆದಿತ್ತು. ಮೇಲೆ ಹಲಗೆಯಲ್ಲಿ ಅಡ್ಡಗೆರೆ ಎಳೆದ ಗೋಧಿ ತೆನೆಯ ಚಿತ್ರ, ಕೆಳಗೆ ಒಣಗಿದ ಎಲೆಗಳ ರಾಶಿ. ಪಕ್ಕದ ಆಟಿಕೆ ಅಂಗಡಿಯವನನ್ನು ಕೇಳಿದರೆ, ಅದರ ಬಾಗಿಲು ತೆಗೆದದ್ದು ತಾನು ಕಂಡಿಲ್ಲ, ತಾನು ಸೇರಿದ್ದು ಈಚೆಗೆ ಎಂದ. ಮೋಡ ಕವಿದ ದಿನ. ಬಿಸಿಲಿಲ್ಲದ ಬೆಳಕಿನಲ್ಲಿ ಪಾರ್ಕಿನ ಬಣ್ಣಗಳೆಲ್ಲ ಒಗೆದು ಒಗೆದು ಮಾಸಿದ ಬಟ್ಟೆಯಂತಿದ್ದವು. ಮೇಲೆ ಹಳಿಯ ಮೇಲೆ ಗಾಡಿಗಳು ಭರ್ರೆಂದು ಹೋಗುತ್ತಿದ್ದವು, ಜನ ಒಟ್ಟಿಗೇ ಕಿರುಚುತ್ತಿದ್ದರು. ಆ ದೊಡ್ಡ ಆಟಗಳ ಬಾಗಿಲಲ್ಲಿ ಎತ್ತರ ಅಳೆಯುವ ಮರದ ಬೊಂಬೆಯೊಂದು ಕೈ ಚಾಚಿ ನಿಂತಿತ್ತು. ಅದರ ಕೈಗೆ ತಲೆ ತಾಗಿದವರಿಗೆ ಮಾತ್ರ ಪ್ರವೇಶ. ಗುಬ್ಬಿ ತುದಿಗಾಲಲ್ಲಿ ನಿಂತಳು. ಬೊಂಬೆಯ ಕೈ ಇನ್ನೂ ಮೇಲಿತ್ತು. ಅವಳಿಗಿಂತ ವಯಸ್ಸಿನಲ್ಲಿ ಚಿಕ್ಕ ಮಕ್ಕಳು ಅವಳನ್ನು ದಾಟಿಕೊಂಡು ಒಳಗೆ ಹೋದರು. ಮೇಷ್ಟ್ರು ಏನೋ ತಮಾಷೆ ಮಾಡಿ ಅವಳನ್ನು ಪುಟ್ಟ ಮಕ್ಕಳ ಕುದುರೆ ಬಂಡಿಯ ಕಡೆ ಕರೆದುಕೊಂಡು ಹೋದ. ಹೋಗುವಾಗ ಅವನ ಮುಖ ಇಳಿದುಹೋಗಿದ್ದನ್ನು ಚಿಕ್ಕಮ್ಮ ನೋಡಿದಳು.

ಊಟದ ಹೊತ್ತು ದಾಟಿತು. ಹಸಿವಾಗುತ್ತಿದೆಯಾ ಎಂದು ಕೇಳಿದರೆ ಗುಬ್ಬಿ ಇಲ್ಲ ಎಂದಳು. ಆ 'ಇಲ್ಲ' ಎಂಥದು ಎಂದು ಚಿಕ್ಕಮ್ಮನಿಗೆ ಗೊತ್ತಿತ್ತು. ಹುಟ್ಟುಹಬ್ಬದ ಮನೆಗಳಲ್ಲಿ, ಶಾಲೆಯ ಪ್ರವಾಸಗಳಲ್ಲಿ ಹೇಳಿ ಹೇಳಿ ನಯವಾದ 'ಇಲ್ಲ' ಅದು. ಇಬ್ಬರನ್ನೂ ದೋಣಿಯಾಟದ ಸಾಲಿನಲ್ಲಿ ನಿಲ್ಲಿಸಿ ಅವಳು ಒಬ್ಬಳೇ ತಿಂಡಿ ಹುಡುಕಿಕೊಂಡು ಹೊರಟಳು.

ಆಲೂಗಡ್ಡೆ ಕರಿಯುವ ಅಂಗಡಿಯಲ್ಲಿ ಎಣ್ಣೆ ಒಂದೇ. ಬ್ರೆಡ್ಡಿನ ಪುಡಿ ಹೊರಳಿಸಿದ ಕೋಳಿಯೂ ಅದರಲ್ಲೇ ಮುಳುಗೇಳುತ್ತಿತ್ತು. ಪಾಪ್‌ಕಾರ್ನಿನವಳು ಅದಕ್ಕೆ ಉದುರಿಸುವ ಹಳದಿ ಪುಡಿಯಲ್ಲಿ ಏನಿದೆಯೋ ತನಗೆ ಗೊತ್ತಿಲ್ಲ, ಡಬ್ಬದಲ್ಲಿ ಬರುತ್ತೆ, ಹಾಕ್ತೀನಿ ಎಂದಳು. ಪೊಟ್ಟಣಗಳ ಅಂಗಡಿಯಲ್ಲಿ ಅವಳು ಒಂದೊಂದನ್ನೂ ಬೆಳಕಿಗೆ ಹಿಡಿದು ಹಿಂದಿನ ಬರಹ ಓದಿದಳು. ಎಷ್ಟೋ ಜನರಿಗೆ ಸಣ್ಣ ಅಕ್ಷರ ಕಾಣುವಂತೆ ಮಾಡಿದವಳಿಗೆ ಆ ಅಕ್ಷರಗಳು ಇರುವೆ ಸಾಲಿನಂತೆ ಕಂಡವು. ಒಂದರಲ್ಲಿ ಮೈದಾ, ಇನ್ನೊಂದರಲ್ಲಿ ಬಾರ್ಲಿಯ ಸಾರ, ಮತ್ತೊಂದರಲ್ಲಿ 'ಗೋಧಿಯ ಅಂಶ ಇರಬಹುದು' ಎಂಬ ಎಚ್ಚರಿಕೆ. ಇರಬಹುದು ಎಂದರೆ ಇದೆ ಎಂದೇ ಲೆಕ್ಕ. ಅಂಗಡಿಯವನು ತಾಳ್ಮೆಗೆಟ್ಟು, ಕೊಳ್ಳುವುದಿದ್ದರೆ ಕೊಳ್ಳಿ, ಇದು ಓದುವ ಮನೆಯಲ್ಲ ಎಂದ. ಪಕ್ಕದಲ್ಲಿದ್ದವರು ನಕ್ಕರು. ಅವಳೂ ನಕ್ಕಳು, ಮತ್ತೇನು ಮಾಡುವುದು.

ಕೊನೆಗೆ ಪ್ರಾಣಿಗಳ ಮೂಲೆಯಲ್ಲಿ ಅವಳಿಗೆ ಬೇಕಾದ್ದು ಕಂಡಿತು. ಬೇಲಿಯೊಳಗೆ ನಾಲ್ಕಾರು ಜಿಂಕೆಗಳು. ಅವಕ್ಕೆ ತಿನ್ನಿಸಲೆಂದು ಮುದುಕನೊಬ್ಬ ಬುಟ್ಟಿಯಲ್ಲಿ ಬಾಳೆಹಣ್ಣು ಮಾರುತ್ತಿದ್ದ. ಇಡೀ ಪಾರ್ಕಿನಲ್ಲಿ ಸಿಪ್ಪೆಯೊಳಗೆ ಭದ್ರವಾಗಿದ್ದ ತಿಂಡಿ ಅದೊಂದೇ. ಮಗುವಿಗೆ ಎಂದು ಹೇಳಲು ಅವಳಿಗೆ ಯಾಕೋ ಬಾಯಿ ಬರಲಿಲ್ಲ. ಜಿಂಕೆಗೆ ಎಂದೇ ಕೊಂಡಳು. ವಾಪಸು ಬರುವಾಗ ಬೇಯಿಸಿದ ಜೋಳದ ಗಾಡಿ ಸಿಕ್ಕಿತು. ಗಾಡಿಯವನನ್ನು ಅಡ್ಡಡ್ಡ ಪ್ರಶ್ನೆ ಕೇಳಿ, ಮಸಾಲೆ ಬೇಡವೆಂದು, ಕುದಿಯುವ ನೀರಿನಿಂದ ಆಗಷ್ಟೇ ತೆಗೆದ ತೆನೆಯನ್ನು ಅದರದೇ ಸಿಪ್ಪೆಯಲ್ಲಿ ಸುತ್ತಿಸಿಕೊಂಡು ಬಂದಳು. ಎರಡು ಕೈಯಲ್ಲೂ ತಿಂಡಿ. ಬೆಳಗಿನಿಂದ ಮೊದಲ ಸಲ ಅವಳ ಹೆಜ್ಜೆ ಹಗುರವಾಗಿತ್ತು.

ಅಪ್ಪ ಮಗಳು ದೋಣಿಯಾಟ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಜಿಂಕೆಯ ಪಾಲು ಕಿತ್ತುಕೊಂಡು ಬಂದೆ ಎಂದು ಅವಳು ಹೇಳಿದಾಗ ಗುಬ್ಬಿ ಕಿಸಕ್ಕೆಂದಳು. ಆದರೆ ಅರ್ಧ ಹಣ್ಣು ತಿಂದು ಉಳಿದದ್ದನ್ನು ಕೈಯಲ್ಲೇ ಹಿಡಿದುಕೊಂಡಳು. ಜೋಳದಲ್ಲಿ ಎರಡು ಸಾಲು ಕಾಳು ಬಿಡಿಸಿದಳು, ಸಾಕು ಎಂದಳು. ಇಷ್ಟು ಹೊತ್ತು ಹಸಿದವಳು ಹೀಗೇಕೆ ಎಂದು ಚಿಕ್ಕಮ್ಮನಿಗೆ ಅನಿಸಿತು. ತಿರುಗಾಡಿ ದಣಿದಿರಬೇಕು ಎಂದುಕೊಂಡಳು. ಮೇಷ್ಟ್ರು ಕರವಸ್ತ್ರದಿಂದ ಮಗಳ ಗಲ್ಲ ಒರೆಸಿ, ಹೊರಡೋಣ್ವಾ ಎಂದ.

ಪಾರ್ಕಿಗೆ ಎರಡು ದಿನ ಬರಲೆಂದು ಹಿಡಿದಿದ್ದ ಹೋಟೆಲಿನ ಕೋಣೆಯಲ್ಲಿ ಸಂಜೆ ಶುರುವಾಯಿತು. ಮೊದಲು ಹೊಟ್ಟೆನೋವು, ಆಮೇಲೆ ವಾಂತಿ. ಒಂದಾದ ಮೇಲೊಂದು. ಗುಬ್ಬಿ ಅಳಲಿಲ್ಲ. ಬಚ್ಚಲಿನ ತಣ್ಣನೆಯ ನೆಲದ ಮೇಲೆ ಕೂತು, ಬಕೆಟ್ಟಿನ ಅಂಚಿಗೆ ಹಣೆ ಆನಿಸಿ, ಮುಂದಿನದಕ್ಕೆ ಕಾಯುತ್ತಿದ್ದಳು. ಆ ತಾಳ್ಮೆ ನೋಡುವುದೇ ಕಷ್ಟವಾಗಿತ್ತು. ಚಿಕ್ಕಮ್ಮ ಅವಳ ಬೆನ್ನು ನೇವರಿಸುತ್ತಾ ಜೋಳದ ಗಾಡಿಯನ್ನು ನೆನಪಿಸಿಕೊಂಡಳು. ಗಾಡಿಯವನ ಇಕ್ಕಳ ಬೇರೆ ಯಾವುದಕ್ಕೆ ತಾಗಿತ್ತೋ. ಆ ನೀರಿನಲ್ಲಿ ಮೊದಲು ಏನು ಬೆಂದಿತ್ತೋ. ಕೇಳಿದ್ದು ಸಾಲಲಿಲ್ಲ, ಇನ್ನೂ ಕೇಳಬೇಕಿತ್ತು.

ಅಜ್ಜಿಯ ಫೋನು ಆಗಲೇ ಬಂತು. ಮೇಷ್ಟ್ರು ಎತ್ತಿದ. ಹಿಂದಿನಿಂದ ಕೇಳಿಬರುತ್ತಿದ್ದ ವಾಂತಿಯ ಸದ್ದನ್ನು ಅಜ್ಜಿಯಿಂದ ಮುಚ್ಚಿಡುವಂತಿರಲಿಲ್ಲ. ಏನು ತಿಂದಳು ಎಂದು ಕೇಳಿದರು. ಬಚ್ಚಲಿನ ಬಾಗಿಲು ತೆರೆದೇ ಇತ್ತು. ಚಿಕ್ಕಮ್ಮನಿಗೆ ಗಂಡನ ಬೆನ್ನು ಕಾಣುತ್ತಿತ್ತು. ಅವನು ಸ್ವಲ್ಪ ಹೊತ್ತು ಕಿಟಕಿಯ ಪರದೆಯನ್ನು ನೋಡಿದ.

"ಬಾಳೆಹಣ್ಣು ತಿಂದ್ಲು. ಆಮೇಲೆ ಅದೇನೋ ಜೋಳ. ಇವಳು ಕೊಡ್ಸಿದ್ದು."

ಫೋನು ಅವಳ ಕೈಗೆ ಬಂತು. ಅಜ್ಜಿ ಕೂಗಾಡಲಿಲ್ಲ. ಒಂದು ಚೂರು ಸಾಕು ಎಂದು ಎಷ್ಟು ಸಲ ಹೇಳಿದ್ದೆ ಎಂದರು. ಗಾಡಿಯವನ ಮಾತು ಕೇಳಿ ಮಗುವಿನ ಬಾಯಿಗೆ ಇಟ್ಟೆಯಾ ಎಂದರು. ಅವಳು ತಪ್ಪಾಯ್ತು ಅತ್ತೆ ಎಂದಳು. ಆಮೇಲೆ ಅಜ್ಜಿ ಮೆಲ್ಲಗೆ, "ಹೆತ್ತಿದ್ರೆ ಗೊತ್ತಾಗ್ತಿತ್ತು" ಎಂದು ಫೋನಿಟ್ಟರು.

ಅವಳು ಮತ್ತೆ ಬಚ್ಚಲಿಗೆ ಬಂದು ಟವೆಲ್ ಒದ್ದೆ ಮಾಡಿ ಗುಬ್ಬಿಯ ಮುಖ ಒರೆಸಿದಳು. ಗುಬ್ಬಿ ಅವಳನ್ನೇ ನೋಡುತ್ತಿದ್ದಳು. ಫೋನಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು.

"ಜೋಳ ಅಲ್ಲ ಚಿಕ್ಕಮ್ಮ."

"ಮತ್ತೇನು ಕಂದ?"

ಗುಬ್ಬಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. ಅಪ್ಪ ಐಸ್‌ಕ್ರೀಮ್ ಕೊಡಿಸಿದರು. ಕಪ್ಪಿನಲ್ಲಿ ಅಲ್ಲ, ಕೋನಿನಲ್ಲಿ. ಆಮೇಲೆ ಅಪ್ಪ ಕೊಂಡ ಬನ್ನಿನಲ್ಲಿ ಅರ್ಧ. ಗೋಧಿ ಇರುತ್ತೆ ಅಪ್ಪ ಎಂದು ನಾನು ಹೇಳಿದೆ. ಒಂದು ದಿನಕ್ಕೆ ಏನೂ ಆಗಲ್ಲ, ಮನೆಯಲ್ಲಿ ಯಾರಿಗೂ ಹೇಳಬೇಡ ಎಂದರು.

"ಗೊತ್ತಿದ್ದೂ ಯಾಕೆ ತಿಂದೆ?"

"ಅಪ್ಪ ತುಂಬಾ ಖುಷಿಯಾಗಿದ್ರು. ನಾನು ತಿನ್ನೋದನ್ನೇ ನೋಡ್ತಿದ್ರು." ಮಗು ಬಕೆಟ್ಟಿನ ಅಂಚು ಹಿಡಿದುಕೊಂಡಿತು. "ಬೇಡ ಅನ್ನಕ್ಕೆ ಆಗ್ಲಿಲ್ಲ."

ಚಿಕ್ಕಮ್ಮ ಟವೆಲ್ ಹಿಂಡಿದಳು. ಮತ್ತೆ ಹಿಂಡಿದಳು. ಅಜ್ಜಿಗೆ ಹೇಳಬೇಡಿ, ಅಪ್ಪನನ್ನು ಬೈತಾರೆ ಎಂದು ಗುಬ್ಬಿ ಅವಳ ಸೆರಗು ಹಿಡಿದು ಕೇಳಿಕೊಂಡಳು. ಚಿಕ್ಕಮ್ಮ ಆಯಿತು ಎಂದಳು. ಮಗುವಿನ ಬಾಯಲ್ಲಿ ಉಪ್ಪು ಸಕ್ಕರೆ ಬೆರೆಸಿದ ನೀರು ಗುಟುಕು ಗುಟುಕಾಗಿ ಹಾಕಿ, ಅದು ಹೊಟ್ಟೆಯಲ್ಲಿ ನಿಂತಮೇಲೆ ಅವಳನ್ನು ಎತ್ತಿ ಮಂಚದ ಮೇಲೆ ಮಲಗಿಸಿದಳು. ಎತ್ತುವಾಗ ಆ ಮೈಯಲ್ಲಿ ತೂಕವೇ ಇರಲಿಲ್ಲ.

ಗಂಡ ಹೊರಗೆ ಕಾರಿಡಾರಿನಲ್ಲಿ ಗೋಡೆಗೊರಗಿ ನಿಂತಿದ್ದ. ಅವಳು ಬಾಗಿಲು ಎಳೆದುಕೊಂಡು ಹೋಗಿ ಅವನೆದುರು ನಿಂತಳು. ಅವಳ ಮುಖ ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು. ಅಲ್ಲಗಳೆಯಲಿಲ್ಲ. ಆ ಬೊಂಬೆಯ ಕೆಳಗೆ ಮಗಳು ತುದಿಗಾಲಲ್ಲಿ ನಿಂತದ್ದನ್ನು ನೋಡಿದ ಮೇಲೆ ತನಗೆ ತಡೆಯಲಾಗಲಿಲ್ಲ ಎಂದ. ಎಲ್ಲಿ ಹೋದರೂ ಬೇರೆಯವರ ಬಾಯಿ ನೋಡುತ್ತಾ ಕೂರುವ ಮಗು, ಒಂದು ದಿನವಾದರೂ ಉಳಿದ ಮಕ್ಕಳ ಹಾಗೆ ಇರಲಿ ಅನಿಸಿತು ಎಂದ. ಹೇಳುತ್ತಾ ಅವನ ಕಣ್ಣಲ್ಲಿ ನೀರು ಬಂತು. ಅದು ಸುಳ್ಳು ನೀರಲ್ಲ ಎಂದು ಅವಳಿಗೂ ಗೊತ್ತಾಯಿತು. ಹಾಗಾಗಿಯೇ ಸಿಟ್ಟು ಮಾಡುವುದು ಹೇಗೆಂದು ತಿಳಿಯಲಿಲ್ಲ.

"ಕೊಟ್ಟಿದ್ದು ಕೊಟ್ರಿ. ಅತ್ತೆ ಹತ್ರ ಜೋಳ ಅಂತ ಯಾಕೆ ಅಂದ್ರಿ?"

"ಅಮ್ಮನಿಗೆ ಗೊತ್ತಾದ್ರೆ ಮಗೂನ ಇನ್ನು ನನ್ನ ಜೊತೆ ಎಲ್ಲೂ ಕಳಿಸಲ್ಲ."

"ನನ್ನ ಜೊತೆ ಕಳಿಸ್ತಾರಾ?"

ಅವನು ನೆಲ ನೋಡಿದ. "ನೀನಾದ್ರೆ ಹೇಗೂ..." ಎಂದು ಅಲ್ಲಿಗೇ ನಿಲ್ಲಿಸಿದ.

ಆ ಮಾತು ಮುಗಿಸುವ ಅಗತ್ಯ ಅವನಿಗಿರಲಿಲ್ಲ. ಚಿಕ್ಕಮ್ಮನ ಮೇಲೆ ಹಾಕಿದರೆ ಹೊಸದಾಗಿ ಯಾರ ನಂಬಿಕೆಯೂ ಕೆಡುವುದಿಲ್ಲ; ಮಲತಾಯಿ ಎಂದ ಮೇಲೆ ಇಂಥದೊಂದು ಆಗಿಯೇ ಆಗುತ್ತದೆಂದು ಎಲ್ಲರೂ ಮೊದಲೇ ಕಾದು ಕೂತಿರುತ್ತಾರೆ. ಅವನು ಅದನ್ನು ಯೋಚಿಸಿ ಮಾಡಿರಲಿಲ್ಲ. ನೀರು ಇಳಿಜಾರಿಗೆ ಹರಿದ ಹಾಗೆ ಅವನ ಬಾಯಿಂದ ಹೊರಟಿತ್ತು. ಅದೇ ಅವಳನ್ನು ಹೆಚ್ಚು ಹೆದರಿಸಿತು.

ಮಾರನೆಯ ದಿನ ಪಾರ್ಕಿಗೆ ಹೋಗಲಿಲ್ಲ. ಕಾರಿನಲ್ಲಿ ಮನೆಗೆ ಹಿಂದಿರುಗಿದರು. ಅಜ್ಜಿ ಮಗುವನ್ನು ಇಳಿಸಿಕೊಂಡು ಒಳಗೆ ಕರೆದುಕೊಂಡು ಹೋದರು. ಗುಬ್ಬಿಯ ಬಾಣಲೆ, ಸೌಟು, ತಟ್ಟೆಗಳು ಆ ದಿನವೇ ಅಡುಗೆಮನೆಯಿಂದ ಅಜ್ಜಿಯ ಕೋಣೆಯ ಬೀರುವಿಗೆ ಹೋದವು. ಊರಿನವರಿಗೂ ಸುದ್ದಿ ಹೇಗೋ ಮುಟ್ಟಿತು. ಪಕ್ಕದ ಮನೆಯಾಕೆ ಎದುರಾದಾಗ ಗುಬ್ಬಿಯ ಆರೋಗ್ಯ ವಿಚಾರಿಸಿದ ಧಾಟಿಯಲ್ಲೇ ಅದು ತಿಳಿಯುತ್ತಿತ್ತು. ಮೇಷ್ಟ್ರು ಮೊದಲಿಗಿಂತ ಹೆಚ್ಚು ನಯವಾಗಿ ನಡೆದುಕೊಳ್ಳತೊಡಗಿದ. ಅವಳ ಚೀಲ ತಾನೇ ಎತ್ತಿಕೊಳ್ಳುವನು, ಅಂಗಡಿಯವರೆಗೆ ಬಿಡುವನು. ಒಂದು ಮಾತು ಮಾತ್ರ ಅಮ್ಮನ ಎದುರು ಆಡನು. ಇವತ್ತು ಹೇಳಬಹುದು, ನಾಳೆ ಹೇಳಬಹುದು ಎಂದು ಅವಳು ಊಟದ ಹೊತ್ತಿನಲ್ಲೆಲ್ಲ ಅವನ ಬಾಯಿ ನೋಡುತ್ತಿದ್ದಳು. ಆಮೇಲಾಮೇಲೆ ನೋಡುವುದನ್ನೂ ಬಿಟ್ಟಳು.

ಹೇಳಿದವಳು ಗುಬ್ಬಿ. ಶಾಲೆ ಮತ್ತೆ ಶುರುವಾಗಿ ಕೆಲವು ವಾರಗಳಾಗಿದ್ದವು. ಒಂದು ಬೆಳಿಗ್ಗೆ ಅಜ್ಜಿ ಅವಳ ಬುತ್ತಿ ಕಟ್ಟುತ್ತಿದ್ದರು. ಚಿಕ್ಕಮ್ಮ ನೀರಿನ ಬಾಟಲಿ ತುಂಬಿಸಿ ತಂದಾಗ ಅಜ್ಜಿ ಅದನ್ನು ಇಸಿದುಕೊಂಡು, ಚೆಲ್ಲಿ, ತಾವೇ ಮತ್ತೆ ತುಂಬಿಸಿದರು. ನೀರಿನಲ್ಲಿ ಎಲ್ಲಿಯ ಗೋಧಿ. ಗುಬ್ಬಿ ಒಂದು ಕಾಲಿಗೆ ಬೂಟು ಹಾಕಿಕೊಂಡವಳು ಹಾಗೇ ನಿಂತುಬಿಟ್ಟಳು.

"ಅಜ್ಜಿ, ಅವತ್ತು ಚಿಕ್ಕಮ್ಮ ಅಲ್ಲ. ಅಪ್ಪ ಕೋನು ಕೊಡ್ಸಿದ್ರು. ಬನ್ನೂ ಕೊಟ್ರು."

ಅಜ್ಜಿ ಮಗುವನ್ನು ನೋಡಲಿಲ್ಲ. ಸೊಸೆಯ ಕಡೆ ತಿರುಗಿದರು. "ಮಗೂಗೆ ಹೇಳಿಕೊಟ್ಟು ಹೇಳಿಸ್ತೀಯಾ? ಇಷ್ಟು ಮಟ್ಟಕ್ಕೆ ಇಳಿದ್ಯಾ?"

ಆಡುವ ಮಾತೇನಿದ್ದರೂ ಅದು ಚಿಕ್ಕಮ್ಮನದಾಗಿರಲಿಲ್ಲ. ಮೇಷ್ಟ್ರು ಮೇಜಿನ ಬಳಿ ಕಾಫಿ ಕುಡಿಯುತ್ತಿದ್ದ. ಮೂವರೂ ಅವನ ಕಡೆ ನೋಡಿದರು. ಅವನು ಲೋಟ ಕೆಳಗಿಟ್ಟ, ಗಡಿಯಾರ ನೋಡಿದ, ಕಾರಿನ ಬೀಗದ ಕೈ ಹುಡುಕಿ ಜೇಬಿಗೆ ಹಾಕಿಕೊಂಡ. "ಅದೆಲ್ಲ ಯಾವತ್ತೋ ಆಗಿಹೋಗಿದ್ದು, ಈಗ್ಯಾಕೆ" ಎಂದ. ಕಲಿಯಲು ಬರುವವರು ಕಾಯುತ್ತಿರುತ್ತಾರೆ ಎಂದು ಹೊರಗೆ ನಡೆದ. ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿಕೊಂಡ.

ಅಜ್ಜಿ ಬಾಗಿಲನ್ನು ನೋಡುತ್ತಾ ನಿಂತರು. ಕೈಯಲ್ಲಿ ಬುತ್ತಿಯ ಮುಚ್ಚಳ ಹಾಗೇ ಇತ್ತು. ಮಗನನ್ನು ಹೊತ್ತು ಹೆತ್ತು ಸಾಕಿದವರು. ಅವನು ಎದ್ದುಹೋದ ರೀತಿಯಲ್ಲಿ ಅವರಿಗೆ ತಿಳಿಯಬೇಕಾದ್ದೆಲ್ಲ ತಿಳಿದಿರಬೇಕು. ಮುಖ ಒಮ್ಮೆಲೇ ಮುದಿಯಾದಂತೆ ಕಂಡಿತು. ಬುತ್ತಿಯನ್ನು ಮೇಜಿನ ಮೇಲೆ ಅರ್ಧಕ್ಕೇ ಬಿಟ್ಟು, ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಬೀರುವಿನ ಬಾಗಿಲು ತೆರೆದ ಸದ್ದಾಯಿತು. ಬಾಣಲೆಯನ್ನೂ ಸೌಟನ್ನೂ ತಂದು ಅಡುಗೆಕಟ್ಟೆಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಮತ್ತೆ ಒಳಗೆ ಹೋದರು.

ಅಂದಿನಿಂದ ಗುಬ್ಬಿಯ ಅಡುಗೆ ಚಿಕ್ಕಮ್ಮನದೇ ಆಯಿತು. ಅಜ್ಜಿ ಮಗನ ಜೊತೆ ಮಾತು ಕಡಿಮೆ ಮಾಡಿದರು, ಸೊಸೆಯ ಜೊತೆ ಹೆಚ್ಚೇನೂ ಮಾಡಲಿಲ್ಲ. ಕ್ಷಮಿಸು ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಮೇಷ್ಟ್ರಿಗೆ ಕಲಿಸುವ ಕೆಲಸ ಹೆಚ್ಚಾಯಿತು, ಊಟಕ್ಕೆ ತಡವಾಗಿ ಬರತೊಡಗಿದ. ಅವಳು ಅವನಿಗೆ ಬಡಿಸುವಳು, ಇನ್ನಷ್ಟು ಬೇಕಾ ಎಂದು ಕೇಳುವಳು. ಅವನು ತಿಂದು ಎದ್ದಮೇಲೆ ಆ ತಟ್ಟೆಯನ್ನು ಗುಬ್ಬಿಯ ಪಾತ್ರೆಗಳಿಗೆ ತಾಗದಂತೆ ಬೇರೆಯಾಗಿ ತೊಳೆದು ಬೇರೆಯಾಗಿ ಇಡುವಳು.